ಶಿಶುವಿನ ಕಿವಿ: ದಂಪತಿಗಳಿಗೆ ಕೆಲವು ಮಾತುಗಳು

(ಬೀದರ ತಾಲ್ಲೂಕಿನ ಕೊಳಾರ ಗ್ರಾಮದಲ್ಲಿ ಸೇರಿದ್ದ ದಂಪತಿಗಳ ಸಭೆಯಲ್ಲಿ ವೈದ್ಯಾಧಿಕಾರಿಗಳು ಮಾಡಿದ ಭಾಷಣ)



ಕುಟುಂಬ ಕಲ್ಯಾಣದ ಸಭೆ ಎಂದೊಡನೆ ಡಾಕ್ಟರು ಏನು ಹೇಳುವರೆಂಬುದು ತಮಗೆ ಮೊದಲೇ ತಿಳಿದಿರುತ್ತದೆ. ಎರಡು ಮಕ್ಕಳ ನಡುವೆ ಮೂರು ವರ್ಷಗಳ ಅಂತರವಿರಲಿ, ಗರ್ಭಿಣಿಯು ಕಬ್ಬಿಣದ ಗುಳಿಗೆಯನ್ನು ತಪ್ಪದೆ ನುಂಗಲಿ, ಹೆರಿಗೆ ಆಸ್ಪತ್ರೆಯಲ್ಲಿಯೇ ಆಗಲಿ. ಈ ಮಾತುಗಳಲ್ಲಿ ಒಂದನ್ನೂ ನಾನು ಹಿಂತೆಗೆದುಕೊಳ್ಳುವುದಿಲ್ಲ. ಆದರೆ ಇಂದು ಅವನ್ನು ಸ್ವಲ್ಪ ಬದಿಗಿರಿಸಿ, ಹೆಚ್ಚಿನ ತಂದೆತಾಯಿಯರು ಪರೀಕ್ಷಿಸಿ ನೋಡದಿರುವ ಒಂದು ಅಂಗದ ವಿಷಯವನ್ನು ಹೇಳಬಯಸುತ್ತೇನೆ. ಅದು ಶಿಶುವಿನ ಕಿವಿ.

ಮಗು ಹುಟ್ಟಿದೊಡನೆ ನಾವು ಕೈಕಾಲುಗಳ ಬೆರಳೆಣಿಸುತ್ತೇವೆ, ಮೈಬಣ್ಣ ನೋಡುತ್ತೇವೆ, ತೂಕ ಹಾಕುತ್ತೇವೆ. ಕಿವಿಯ ಹಾಲೆ ನೆಟ್ಟಗಿದ್ದರೆ ಕಿವಿ ಸರಿಯಿದೆಯೆಂದೇ ಭಾವಿಸುತ್ತೇವೆ. ಕೆಲವು ತಿಂಗಳುಗಳಲ್ಲಿ ಕಿವಿ ಚುಚ್ಚಿಸಿ ಬಂಗಾರದ ತಂತಿ ಹಾಕಿ ಸಂತೋಷಪಡುತ್ತೇವೆ. ಹಾಲೆಯಾದರೋ ಮನೆಯ ಹೊರಬಾಗಿಲು ಮಾತ್ರ. ಒಳಗೆ ದೀಪವಿದೆಯೋ ಇಲ್ಲವೋ ಎಂಬುದು ಬಾಗಿಲನ್ನು ನೋಡಿದರೆ ತಿಳಿಯುವುದಿಲ್ಲ.

ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ನಾನು ಸರಕಾರಿ ಸೇವೆಗೆ ಸೇರಿದ ಹೊಸದರಲ್ಲಿ ಒಬ್ಬ ತಾಯಿ ಎರಡು ವರ್ಷದ ಹೆಣ್ಣು ಮಗುವನ್ನು ಎತ್ತಿಕೊಂಡು ಬಂದಳು. ಜೊತೆಯಲ್ಲಿ ಅತ್ತೆಯೂ ಇದ್ದರು. ಮಗುವಿಗೆ ಮಾತು ಬಂದಿರಲಿಲ್ಲ. ನಾನು ಕೇಳುವ ಮೊದಲೇ ಅತ್ತೆ, "ಇದರಪ್ಪನೂ ಮೂರು ವರ್ಷ ಆದಮ್ಯಾಲೇ ಮಾತಾಡ್ಯಾನ್ರಿ" ಎಂದರು. ತಾಯಿ ಮಾತ್ರ ತಗ್ಗಿದ ದನಿಯಲ್ಲಿ, "ಹಿಂದಿನಿಂದ ಕರದ್ರ ಹೊಳ್ಳಿ ನೋಡಂಗಿಲ್ರಿ" ಎಂದಳು. ನಾನು ಮಗುವಿನ ಪಕ್ಕದಲ್ಲಿ ಚಪ್ಪಾಳೆ ತಟ್ಟಿದೆ. ಮಗು ತಿರುಗಿತು. "ಕೇಳಿಸುತ್ತದೆ ತಾಯಿ, ಇನ್ನೊಂದು ಆರು ತಿಂಗಳು ನೋಡೋಣ" ಎಂದು ಕಳಿಸಿದೆ. ಡಾಕ್ಟರೇ ಹೇಳಿದ ಮೇಲೆ ಇನ್ನೇನು? ಅವರು ಎರಡು ವರ್ಷ ನೋಡಿದರು. ಹರಕೆ ಹೊತ್ತರು, ನಾಲಿಗೆಗೆ ಬಜೆ ತೇದು ಹಚ್ಚಿದರು. ನಾಲ್ಕು ವರ್ಷ ದಾಟಿದ ಮೇಲೆ ದೊಡ್ಡ ಆಸ್ಪತ್ರೆಯಲ್ಲಿ ಪರೀಕ್ಷೆಯಾದಾಗ, ಎರಡೂ ಕಿವಿಗಳಲ್ಲಿ ಹುಟ್ಟಿನಿಂದಲೇ ತೀವ್ರ ಕಿವುಡು ಇದ್ದುದು ತಿಳಿಯಿತು. ಆ ದಿನ ಮಗು ತಿರುಗಿದ್ದು ನನ್ನ ಕೈಯ ನೆರಳನ್ನು ಕಂಡು. ತಾಯಿ ಹೇಳಿದುದು ಸರಿಯಿತ್ತು, ನಾನು ಮಾಡಿದ ಪರೀಕ್ಷೆ ತಪ್ಪಾಗಿತ್ತು.

ಎರಡು ವರ್ಷಗಳಲ್ಲಿ ಅಂಥದೇನು ಕಳೆದುಹೋಯಿತು ಎಂದು ತಾವು ಕೇಳಬಹುದು. ನಮ್ಮ ಹೊಲಗಳಲ್ಲಿ ತೊಗರಿಯನ್ನು ಮುಂಗಾರಿನಲ್ಲಿಯೇ ಬಿತ್ತುತ್ತೇವೆ. ಹದ ತಪ್ಪಿದ ಮೇಲೆ ಎಷ್ಟು ಗೊಬ್ಬರ ಹಾಕಿದರೂ ಆ ಬೆಳೆ ಬಾರದು. ಮಾತಿಗೂ ಇಂಥ ಒಂದು ಹದವಿದೆ. ಗರ್ಭದಲ್ಲಿರುವಾಗಲೇ, ಆರು ತಿಂಗಳಾಗುವ ಹೊತ್ತಿಗೆ, ಶಿಶುವಿಗೆ ತಾಯಿಯ ದನಿ ಕೇಳಿಸಲಾರಂಭಿಸುತ್ತದೆ. ಹುಟ್ಟಿದ ಮೇಲೆ ಮೊದಲ ಎರಡು ಮೂರು ವರ್ಷಗಳಲ್ಲಿ ಮೆದುಳು ಭಾಷೆಯನ್ನು ಕಟ್ಟಿಕೊಳ್ಳುವಷ್ಟು ವೇಗವಾಗಿ ಮುಂದೆಂದೂ ಕಟ್ಟಿಕೊಳ್ಳುವುದಿಲ್ಲ. ಆ ಕಾಲದಲ್ಲಿ ಮಾತೂ ಕಿವಿಗೆ ಬೀಳದೆ, ಕೈಸನ್ನೆಯ ಭಾಷೆಯೂ ಕಣ್ಣಿಗೆ ಬೀಳದೆ ಹೋದರೆ ಮಗುವಿನ ಬುದ್ಧಿಗೆ ಆಧಾರವಾದ ಭಾಷೆಯೇ ಇಲ್ಲದಂತಾಗುತ್ತದೆ. ಗಂಟಲಿನಲ್ಲಾಗಲಿ ನಾಲಿಗೆಯಲ್ಲಾಗಲಿ ದೋಷವಿರುವುದಿಲ್ಲ. ಕೇಳದ ಮಾತನ್ನು ಮಗು ಆಡುವುದು ಹೇಗೆ? ಆದುದರಿಂದ ನಾಲಿಗೆಗೆ ಬಜೆ ಹಚ್ಚುವುದರಿಂದಲೂ, ನಾಲಿಗೆಯ ಕೆಳಗಿನ ಪೊರೆ ಕೊಯ್ಯಿಸುವುದರಿಂದಲೂ ಕಿವುಡು ಮಗುವಿಗೆ ಮಾತು ಬಾರದು. 'ಮೂಗ', 'ಮೂಗಿ' ಎಂಬ ಹೆಸರಿಟ್ಟು ಕರೆಯುವುದನ್ನಂತೂ ಇಂದೇ ಬಿಟ್ಟುಬಿಡಬೇಕು.

ಈ ವಿಷಯವನ್ನು ಸಂಶೋಧಕರು ಅಳೆದು ನೋಡಿದ್ದಾರೆ. ಅಮೆರಿಕ ದೇಶದ ಕೊಲರಾಡೊ ಪ್ರಾಂತ್ಯದಲ್ಲಿ ಕ್ರಿಸ್ಟೀನ್ ಯೊಶಿನಾಗ-ಇಟಾನೊ ಎಂಬ ವಿದುಷಿಯೂ ಅವರ ಸಂಗಡಿಗರೂ ಶ್ರವಣದೋಷವಿದ್ದ 150 ಮಕ್ಕಳನ್ನು ಪರೀಕ್ಷಿಸಿ, 1998ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಆರು ತಿಂಗಳೊಳಗೆ ದೋಷ ಪತ್ತೆಯಾಗಿ ನೆರವು ದೊರೆತ ಮಕ್ಕಳ ಭಾಷೆ, ತಡವಾಗಿ ಪತ್ತೆಯಾದ ಮಕ್ಕಳ ಭಾಷೆಗಿಂತ ಬಹಳ ಮುಂದಿತ್ತು. ಕಿವುಡು ಹೆಚ್ಚೋ ಕಡಿಮೆಯೋ, ಮನೆಯವರು ಓದಿದವರೋ ಓದದವರೋ, ಈ ಅಂತರ ಹಾಗೆಯೇ ಕಂಡುಬಂದಿತು. ಇದರಿಂದಲೇ ಇಂದು ವೈದ್ಯರೆಲ್ಲರೂ ಒಪ್ಪಿರುವ ಲೆಕ್ಕವೊಂದು ನೆಲೆಗೊಂಡಿದೆ: ಒಂದು ತಿಂಗಳೊಳಗೆ ಮೊದಲ ಪರೀಕ್ಷೆ, ಮೂರು ತಿಂಗಳೊಳಗೆ ಖಚಿತ ನಿರ್ಣಯ, ಆರು ತಿಂಗಳೊಳಗೆ ಚಿಕಿತ್ಸೆ ಮತ್ತು ತರಬೇತಿ. ಒಂದು, ಮೂರು, ಆರು. ಅಕ್ಷರ ಬಾರದವರೂ ಇದನ್ನು ನೆನಪಿಡಬಹುದು.

ಹಾಗಾದರೆ ಇಷ್ಟೊಂದು ಮನೆಗಳಲ್ಲಿ ಇದು ತಡವಾಗಿ ತಿಳಿಯುವುದೇಕೆ? ಕಿವುಡು ಮಗು ನಮ್ಮನ್ನು ಮೋಸಗೊಳಿಸುತ್ತದೆ. ಬೇಕೆಂದಲ್ಲ, ಅದು ಚುರುಕಾಗಿರುವುದರಿಂದ. ನಗುತ್ತದೆ, ಆಡುತ್ತದೆ, ಹಾಲು ಕುಡಿದು ಪುಷ್ಟವಾಗಿ ಬೆಳೆಯುತ್ತದೆ. ಮೊದಲ ತಿಂಗಳುಗಳಲ್ಲಿ ಎಲ್ಲ ಮಕ್ಕಳಂತೆ 'ಊಂ', 'ಆ' ಎಂದು ದನಿಯನ್ನೂ ಮಾಡುತ್ತದೆ. ಆ ದನಿ ಆರು ತಿಂಗಳಾದ ಮೇಲೆ ಬೆಳೆಯುವುದಕ್ಕೆ ಬದಲಾಗಿ ಕ್ರಮೇಣ ಕುಗ್ಗುತ್ತದೆ. ಯಾರಾದರೂ ಬಾಗಿಲು ತೆರೆದರೆ ಬೆಳಕು ಬಿದ್ದುದನ್ನು ನೋಡಿ ತಿರುಗುತ್ತದೆ, ಪಾತ್ರೆ ಬಿದ್ದರೆ ನೆಲದ ಅದುರನ್ನು ಮೈಯಿಂದ ಅರಿಯುತ್ತದೆ. ನಮ್ಮ ಬೀದರಿನಲ್ಲಿ ಇನ್ನೊಂದು ವಿಶೇಷವಿದೆ. ವಾಯುಪಡೆಯ ತರಬೇತಿ ವಿಮಾನಗಳು ಊರ ಮೇಲೆಯೇ ಹಾರುತ್ತವೆ. "ವಿಮಾನ ಬಂದರೆ ನಮ್ಮ ಕೂಸು ಬೆಚ್ಚುತ್ತದೆ, ಕಿವಿ ಚೆನ್ನಾಗಿದೆ" ಎಂದು ಎಷ್ಟೋ ತಾಯಂದಿರು ನನಗೆ ಹೇಳಿದ್ದಾರೆ. ವಿಮಾನದ ಭೋರ್ಗರೆತ ಅರ್ಧ ಕಿವುಡಿರುವ ಮಗುವಿಗೂ ತಟ್ಟುತ್ತದೆ. ತಾಯಿಯ ಮಾತು ವಿಮಾನವಲ್ಲ. ಮಾತಿನ ಮಟ್ಟದ ದನಿ ಕೇಳಿಸುತ್ತದೆಯೇ ಎಂಬುದೇ ಪ್ರಶ್ನೆ.

ಮನೆಯಲ್ಲಿ ಗಮನಿಸತಕ್ಕದ್ದು ಇಷ್ಟು. ಹುಟ್ಟಿದ ಕೂಸು ಹಠಾತ್ ಸದ್ದಿಗೆ ಬೆಚ್ಚಬೇಕು. ಮೂರು ತಿಂಗಳ ಹೊತ್ತಿಗೆ ಅಳುತ್ತಿರುವಾಗ ತಾಯಿಯ ದನಿಯನ್ನು ಕೇಳಿ, ಆಕೆಯ ಮುಖ ಕಾಣದಿದ್ದರೂ, ಕ್ಷಣ ಸುಮ್ಮನಾಗಬೇಕು. ಆರು ತಿಂಗಳಿಗೆ ಸದ್ದು ಬಂದ ಕಡೆಗೆ ತಲೆ ತಿರುಗಿಸಬೇಕು. ಹತ್ತು ತಿಂಗಳ ಹೊತ್ತಿಗೆ ಹೆಸರು ಹಿಡಿದು ಕರೆದರೆ ನೋಡಬೇಕು, 'ಬಾಬಾ', 'ದಾದಾ' ಎಂದು ತೊದಲಬೇಕು. ಒಂದು ವರ್ಷದ ಸುಮಾರಿಗೆ ಒಂದಾದರೂ ಅರ್ಥವುಳ್ಳ ಮಾತು, ಎರಡು ವರ್ಷಕ್ಕೆ 'ಅವ್ವ ಬಾ' ಎಂದು ಎರಡು ಮಾತು ಕೂಡಿಸಿ ಆಡಬೇಕು. ಪರೀಕ್ಷಿಸುವಾಗ ನಾನು ಮಾಡಿದ ತಪ್ಪನ್ನು ಮಾಡಬೇಡಿರಿ. ಮಗುವಿನ ಕಣ್ಣಿಗೆ ಬೀಳದಂತೆ ಹಿಂದೆ ನಿಲ್ಲಬೇಕು, ನೆರಳು ಬೀಳಬಾರದು, ನೆಲ ಅದುರಬಾರದು, ಕೈಬೀಸಿದ ಗಾಳಿ ತಗುಲಬಾರದು. ಸಣ್ಣ ದನಿಯಲ್ಲಿ ಹೆಸರು ಕರೆಯಿರಿ, ಇಲ್ಲವೆ ಬಟ್ಟಲಿಗೆ ಚಮಚವನ್ನು ಮೆಲ್ಲನೆ ತಾಗಿಸಿರಿ. ಎರಡೂ ಕಡೆಯಿಂದ ನೋಡಿರಿ.

ಆದರೂ ಮನೆಯ ಪರೀಕ್ಷೆಯಿಂದ ಸಂಶಯ ಹುಟ್ಟಬಹುದೇ ಹೊರತು ಸಂಶಯ ಪರಿಹಾರವಾಗದು. ಅದಕ್ಕೆ ಯಂತ್ರವಿದೆ. ಮಗು ನಿದ್ರಿಸುತ್ತಿರುವಾಗ ಮೆತ್ತನೆಯ ಒಂದು ಸಣ್ಣ ಬಿರಟೆಯನ್ನು ಕಿವಿಯೊಳಗಿಟ್ಟು ಮೆಲ್ಲನೆಯ ಸದ್ದು ಬಿಡುತ್ತಾರೆ. ಒಳಕಿವಿ ಆರೋಗ್ಯವಾಗಿದ್ದರೆ ಅದು ತಾನೂ ಒಂದು ಅತಿ ಸೂಕ್ಷ್ಮ ಪ್ರತಿಧ್ವನಿಯನ್ನು ಹೊರಗೆ ಕಳಿಸುತ್ತದೆ. ಯಂತ್ರ ಅದನ್ನು ಹಿಡಿಯುತ್ತದೆ. ಸೂಜಿಯಿಲ್ಲ, ನೋವಿಲ್ಲ, ಕೆಲವೇ ನಿಮಿಷಗಳ ಕೆಲಸ. ಮೊದಲ ಸಲ ಪ್ರತಿಧ್ವನಿ ಸಿಗದಿದ್ದರೆ ಗಾಬರಿಯಾಗಬೇಕಿಲ್ಲ. ಹುಟ್ಟಿದ ಕೂಸಿನ ಕಿವಿಯಲ್ಲಿ ಗರ್ಭದ ನೀರು ಉಳಿದಿದ್ದರೂ ಹೀಗಾಗುತ್ತದೆ. ಎರಡನೆಯ ಸಲ ತಪ್ಪದೆ ಕರೆದುಕೊಂಡು ಹೋಗುವುದು ಮುಖ್ಯ. ಎರಡನೆಯ ಸಲ ಬಾರದವರೇ ಹೆಚ್ಚು ಎಂಬುದು ನಮ್ಮ ದೊಡ್ಡ ತಲೆನೋವು. ಕಳೆ ಕೀಳುವ ಕಾಲ, ಸೋಯಾ ಕೊಯ್ಲು, ಮದುವೆ, ಜಾತ್ರೆ, ಏನೋ ಒಂದು ಅಡ್ಡ ಬರುತ್ತದೆ. ಆಮೇಲೂ ಸಂಶಯವಿದ್ದರೆ ತಲೆಯ ಮೇಲೆ ಸಣ್ಣ ಬಿಲ್ಲೆಗಳನ್ನು ಅಂಟಿಸಿ, ಸದ್ದು ನರದ ಮೂಲಕ ಮೆದುಳಿನ ಬುಡದವರೆಗೆ ತಲುಪುವುದೇ ಎಂದು ನೋಡುವ ಇನ್ನೊಂದು ಪರೀಕ್ಷೆಯಿಂದ ನಿರ್ಣಯವಾಗುತ್ತದೆ.

ಇನ್ನು ಕಾರಣಗಳು. ಇಲ್ಲಿ ಒಂದು ಮಾತನ್ನು ಗಂಡಸರಿಗೆ ನೇರವಾಗಿ ಹೇಳಬೇಕಾಗಿದೆ. ಮಗು ಕಿವುಡೆಂದು ತಿಳಿದ ದಿನವೇ ಮನೆಯಲ್ಲಿ ಹೆಂಡತಿಯ ವಿಚಾರಣೆ ಆರಂಭವಾಗುತ್ತದೆ. ಗ್ರಹಣದಲ್ಲಿ ಹೊರಗೆ ಹೋಗಿದ್ದಳು, ತಣ್ಣೀರು ಸ್ನಾನ ಮಾಡಿದಳು, ಆಕೆಯ ತವರಿನ ವಂಶವೇ ಹಾಗೆ. ಗ್ರಹಣಕ್ಕೂ ಕಿವಿಗೂ ಸಂಬಂಧವಿಲ್ಲ. ವಂಶದ ಮಾತಾದರೆ ಅದು ಇಬ್ಬರಿಗೂ ಸೇರಿದುದು. ದೇಹದ ಪ್ರತಿಯೊಂದು ಗುಣಕ್ಕೂ ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಎರಡು ವಂಶವಾಹಿಗಳು ಮಗುವಿಗೆ ಬರುತ್ತವೆ. ಹುಟ್ಟುಕಿವುಡಿನ ಬಹುಪಾಲು ವಂಶವಾಹಿಗಳು ಎಂಥವೆಂದರೆ, ಒಂದು ಕೆಟ್ಟಿದ್ದರೂ ಇನ್ನೊಂದು ಕೆಲಸವನ್ನು ನಡೆಸಿಕೊಂಡು ಹೋಗುತ್ತದೆ. ಆದುದರಿಂದ ತಂದೆತಾಯಿಯರಿಬ್ಬರ ಕಿವಿಯೂ ಚೆನ್ನಾಗಿಯೇ ಇರುತ್ತದೆ. ಇಬ್ಬರಲ್ಲಿಯೂ ಅದೇ ಒಂದು ವಂಶವಾಹಿ ಕೆಟ್ಟಿದ್ದರೆ ಮಾತ್ರ, ಪ್ರತಿ ಗರ್ಭದಲ್ಲಿಯೂ ನಾಲ್ಕರಲ್ಲಿ ಒಂದು ಪಾಲು ಮಗುವಿಗೆ ಕಿವುಡು ಬರುವ ಸಂಭವವಿದೆ. ಪ್ರತಿ ಗರ್ಭದಲ್ಲಿಯೂ ಎಂಬ ಮಾತನ್ನು ಗಮನಿಸಿರಿ. "ಒಂದಕ್ಕೆ ಆಯಿತು, ಇನ್ನು ಮೂರಕ್ಕೆ ಭಯವಿಲ್ಲ" ಎಂದು ಒಬ್ಬ ತಂದೆ ನನ್ನೊಡನೆ ಲೆಕ್ಕ ಹಾಕಿದ್ದರು. ಲೆಕ್ಕ ಹಾಗಲ್ಲ. ಪ್ರತಿ ಸಲವೂ ಕವಡೆ ಹೊಸದಾಗಿಯೇ ಬೀಳುತ್ತದೆ.

ಇಬ್ಬರಲ್ಲಿಯೂ ಅದೇ ದೋಷ ಕೂಡುವುದು ಹೊರಗಿನ ಸಂಬಂಧದಲ್ಲಿ ಅಪರೂಪ, ರಕ್ತಸಂಬಂಧದಲ್ಲಿ ಸುಲಭ. ಅಕ್ಕನ ಮಗಳೂ ಸೋದರಮಾವನೂ ವಂಶವಾಹಿಗಳಲ್ಲಿ ಸರಾಸರಿ ನಾಲ್ಕನೆಯ ಒಂದು ಭಾಗವನ್ನು ಹಂಚಿಕೊಂಡಿರುತ್ತಾರೆ. ಅತ್ತೆಯ ಮಗನೂ ಮಾವನ ಮಗಳೂ ಎಂಟನೆಯ ಒಂದು ಭಾಗವನ್ನು ಹಂಚಿಕೊಂಡಿರುತ್ತಾರೆ. ಹೊಲ ಹೊರಗೆ ಹೋಗಬಾರದು, ಹೆಣ್ಣು ಕಣ್ಣೆದುರಿಗೇ ಇರಬೇಕು ಎಂಬ ಹಿರಿಯರ ಉದ್ದೇಶ ನನಗೆ ಅರ್ಥವಾಗುತ್ತದೆ. ಹೀಗೆ ಮದುವೆಯಾದವರ ಮಕ್ಕಳಲ್ಲಿ ಹೆಚ್ಚಿನವರು ಆರೋಗ್ಯವಾಗಿಯೇ ಇರುತ್ತಾರೆ ಎಂಬುದೂ ನಿಜ. ಆದರೆ ಮನೆತನದಲ್ಲಿ ಒಂದಾದರೂ ಹುಟ್ಟುಕಿವುಡಿನ ಮಗು ಇದ್ದರೆ ಆ ಮನೆತನದೊಳಗೇ ಮತ್ತೆ ಹೆಣ್ಣು ಕೊಟ್ಟು ತರುವುದು ಬೇಡ. ಈಗಾಗಲೇ ಮದುವೆಯಾಗಿರುವವರು ಭಯಪಡುವುದಕ್ಕಾಗಿ ನಾನು ಇದನ್ನು ಹೇಳಲಿಲ್ಲ. ಅಂಥ ದಂಪತಿಗಳು ಹುಟ್ಟಿದ ಮಗುವಿನ ಕಿವಿಯನ್ನು ಮೊದಲ ತಿಂಗಳಲ್ಲಿಯೇ ಪರೀಕ್ಷೆ ಮಾಡಿಸಬೇಕು, ಅಷ್ಟೆ.

ಎರಡನೆಯ ಕಾರಣ ರುಬೆಲ್ಲಾ. ಇದೊಂದು ಹಗುರವಾದ ಜ್ವರ. ಮೈಮೇಲೆ ಸಣ್ಣ ಗುಲಾಬಿ ದದ್ದು ಎದ್ದು ಮೂರು ದಿನಗಳಲ್ಲಿ ಹೋಗುತ್ತದೆ. ಆದರೆ ಗರ್ಭದ ಮೊದಲ ಮೂರು ತಿಂಗಳುಗಳಲ್ಲಿ ತಾಯಿಗೆ ತಗುಲಿದರೆ ಮಗುವಿನ ಕಣ್ಣು, ಹೃದಯ, ಕಿವಿಗಳನ್ನು ಕೆಡಿಸುತ್ತದೆ. ಇದು ತಿಳಿದ ಬಗೆ ತಾಯಂದಿರಿಗೆ ಗೌರವ ತರುವಂಥದು. 1941ರಲ್ಲಿ ಆಸ್ಟ್ರೇಲಿಯದ ನಾರ್ಮನ್ ಗ್ರೆಗ್ ಎಂಬ ಕಣ್ಣಿನ ವೈದ್ಯರು ಒಂದೇ ಕಾಲದಲ್ಲಿ ಹಲವಾರು ಶಿಶುಗಳು ಹುಟ್ಟುಪೊರೆಯೊಡನೆ ಬಂದುದನ್ನು ಕಂಡು ಬೆರಗಾಗಿ, ಆ ತಾಯಂದಿರು ಗರ್ಭದ ಆರಂಭದಲ್ಲಿ ದದ್ದಿನ ಜ್ವರ ಬಂದಿತ್ತೆಂದು ಹೇಳಿದುದನ್ನು ನಂಬಿ ಬರೆದರು. ಕಿವುಡಿನ ಸಂಬಂಧವೂ ಕೆಲವೇ ವರ್ಷಗಳಲ್ಲಿ ಸಿದ್ಧವಾಯಿತು. ಇದಕ್ಕೆ ಲಸಿಕೆಯಿದೆ. ನಮ್ಮ ಕರ್ನಾಟಕದಲ್ಲಿ 2017ರ ಫೆಬ್ರುವರಿಯಲ್ಲಿ ದಡಾರ-ರುಬೆಲ್ಲಾ ಲಸಿಕೆಯ ದೊಡ್ಡ ಆಂದೋಲನ ನಡೆಯಿತು. ಅಂದಿನಿಂದ ಮಗುವಿಗೆ ಒಂಬತ್ತು ತಿಂಗಳು ತುಂಬಿದ ಮೇಲೆ ಒಂದು, ಒಂದೂವರೆ ವರ್ಷದ ಸುಮಾರಿಗೆ ಇನ್ನೊಂದು, ಹೀಗೆ ಎರಡು ಸಲ ಉಚಿತವಾಗಿ ಕೊಡಲಾಗುತ್ತಿದೆ. ಗಂಡುಮಗುವಿಗೆ ಏಕೆ ಎಂದು ಕೇಳುವವರಿದ್ದಾರೆ. ಗಂಡಿನಿಂದಲೇ ಮನೆಯ ಗರ್ಭಿಣಿಗೆ ರೋಗ ತಗುಲಬಹುದು. ಗರ್ಭಿಣಿಗೆ ಮಾತ್ರ ಈ ಲಸಿಕೆಯನ್ನು ಕೊಡಕೂಡದು.

ಹುಟ್ಟುವಾಗ ಅಳದಿದ್ದ ಮಗು, ತೀರ ಕಡಿಮೆ ತೂಕದ ಅಥವಾ ದಿನ ತುಂಬದ ಮಗು, ಕಾಮಾಲೆ ಏರಿ ರಕ್ತ ಬದಲಿಸಬೇಕಾದ ಮಗು, ಮೆದುಳುಜ್ವರದಿಂದ ಬದುಕುಳಿದ ಮಗು, ಇವರೆಲ್ಲರ ಕಿವಿಯನ್ನೂ ಪರೀಕ್ಷಿಸಲೇಬೇಕು. ಸ್ಟ್ರೆಪ್ಟೊಮೈಸಿನ್, ಜೆಂಟಾಮೈಸಿನ್ ಮೊದಲಾದ ಕೆಲವು ಚುಚ್ಚುಮದ್ದುಗಳು ಪ್ರಾಣ ಉಳಿಸುತ್ತವೆ, ಆದರೆ ಒಳಕಿವಿಯನ್ನು ಕೆಡಿಸಲೂಬಲ್ಲವು. ಆದುದರಿಂದ ಅರ್ಹತೆಯಿಲ್ಲದವರ ಕೈಯಲ್ಲಿ ಸೂಜಿ ಹಾಕಿಸಿಕೊಳ್ಳಬಾರದು.

ಕಿವಿ ಸೋರುವುದನ್ನು ನಾವು ರೋಗವೆಂದೇ ಎಣಿಸುವುದಿಲ್ಲ. ಕೀವು ಬಂದರೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಕುಸುಬೆ ಎಣ್ಣೆ, ತುರಿಸಿದರೆ ಕಡ್ಡಿ. ದಯವಿಟ್ಟು ಎರಡೂ ಬೇಡ. ಸೋರುವ ಕಿವಿಯಲ್ಲಿ ತಮಟೆಗೆ ತೂತು ಬಿದ್ದಿರುತ್ತದೆ, ಎಣ್ಣೆ ಅದರೊಳಕ್ಕೆ ಇಳಿದು ಕೇಡನ್ನು ಹೆಚ್ಚಿಸುತ್ತದೆ. ಕಿವಿಗೆ ನೀರು ಹೋಗದಂತೆ ನೋಡಿಕೊಂಡು ವೈದ್ಯರಲ್ಲಿಗೆ ಬನ್ನಿರಿ. ಕೂಸನ್ನು ಮಲಗಿಸಿ ಬಾಟಲಿ ಕೊಡುವುದರಿಂದಲೂ ನಡುಗಿವಿಯ ಸೋಂಕು ಬರುತ್ತದೆ. ಎದೆಹಾಲನ್ನು ತಲೆ ಸ್ವಲ್ಪ ಎತ್ತಿ ಹಿಡಿದು ಕುಡಿಸಿರಿ. ಕೊಳಾರದ ಕೈಗಾರಿಕಾ ಪ್ರದೇಶದಲ್ಲಿ ದುಡಿಯುವ ಸೋದರರಿಗೂ ಒಂದು ಮಾತು: ಪಕ್ಕದಲ್ಲಿ ನಿಂತವರೊಡನೆ ಕೂಗಿ ಮಾತಾಡಬೇಕಾಗುವಷ್ಟು ಯಂತ್ರದ ಸದ್ದಿದ್ದರೆ ಅದು ಕಿವಿಗೆ ಅಪಾಯದ ಮಟ್ಟ. ಕಿವಿಗವಸು ಕೇಳಿ ಪಡೆಯಿರಿ. ಸದ್ದಿನಿಂದ ಕೆಟ್ಟ ಒಳಕಿವಿ ಮರಳಿ ಬೆಳೆಯುವುದಿಲ್ಲ.

ಕಿವುಡೆಂದು ನಿರ್ಣಯವಾದ ಮೇಲೆ ಏನು? ಮೊದಲು ಶ್ರವಣ ಸಾಧನ. ಅದು ಕನ್ನಡಕದಂತಲ್ಲ, ಹಾಕಿದೊಡನೆ ಮಾತು ಬರುವುದಿಲ್ಲ. ಅದನ್ನು ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟು ಅತಿಥಿಗಳು ಬಂದಾಗ ಹಾಕುವ ಮನೆಗಳನ್ನು ನಾನು ನೋಡಿದ್ದೇನೆ. ಮಗು ಎಚ್ಚರವಿರುವಷ್ಟು ಹೊತ್ತೂ ಅದು ಕಿವಿಯಲ್ಲಿರಬೇಕು. ಅದರ ಜೊತೆಗೆ ಮಾತು ಕಲಿಸುವ ತರಬೇತಿ ಬೇಕು, ಅದರ ಮುಖ್ಯ ಗುರು ಮನೆಯವರೇ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 1965ರಲ್ಲಿ ಸ್ಥಾಪಿತವಾದ ಈ ಕೇಂದ್ರ ಸರಕಾರದ ಸಂಸ್ಥೆ ಕಿವಿ ಮತ್ತು ಮಾತಿನ ದೋಷಗಳ ಸಂಶೋಧನೆ, ಚಿಕಿತ್ಸೆ, ಶಿಕ್ಷಣ ಮೂರನ್ನೂ ನಡೆಸುತ್ತಿದೆ. ಅಲ್ಲಿನ ಶಿಶುಶಾಲೆಯಲ್ಲಿ ತಾಯಂದಿರೂ ಮಕ್ಕಳೊಡನೆ ಕುಳಿತು ಕಲಿಯುತ್ತಾರೆ. ಅದೇ ನಗರದಲ್ಲಿ ಕಿವುಡು ಮಕ್ಕಳ ತಂದೆತಾಯಿಯರೇ ಕೂಡಿ ಕಟ್ಟಿದ ಸಂಘವೊಂದಿದೆ. ಅಲ್ಲಿಯೂ ತಾಯಿಯೇ ಶಿಕ್ಷಕಿಯಾಗುತ್ತಾಳೆ. ಮೈಸೂರು ನಮಗೆ ರಾಜ್ಯದ ಇನ್ನೊಂದು ತುದಿ ಎಂಬುದನ್ನು ನಾನು ಬಲ್ಲೆ. ಮೊದಲು ಭಾಲ್ಕಿ, ಔರಾದ ತಾಲ್ಲೂಕು ಆಸ್ಪತ್ರೆಗಳಿಗೋ, ಬೀದರ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗಕ್ಕೋ ಹೋಗಿರಿ. ಬೇಕಾದ ಪರೀಕ್ಷೆ ಅಲ್ಲಿ ಆಗದಿದ್ದರೆ ಎಲ್ಲಿಗೆ ಹೋಗಬೇಕೆಂಬ ಚೀಟಿಯನ್ನು ಬರೆಸಿಕೊಳ್ಳದೆ ಹಿಂದಿರುಗಬೇಡಿರಿ.

ಶ್ರವಣ ಸಾಧನದಿಂದ ಪ್ರಯೋಜನವಾಗದಷ್ಟು ಕಿವುಡಿರುವ ಮಗುವಿಗೆ ಒಳಕಿವಿಯಲ್ಲಿ ತಂತಿಯನ್ನು ಕೂಡಿಸುವ ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಚಿಕಿತ್ಸೆ ಇದೆ. ಇದಕ್ಕೆ ಲಕ್ಷಗಟ್ಟಲೆ ಹಣ ಬೇಕು. 2014ರಲ್ಲಿ ಪರಿಷ್ಕೃತವಾದ ಕೇಂದ್ರ ಸರಕಾರದ ಅಡಿಪ್ ಯೋಜನೆಯಲ್ಲಿ ಕಡಿಮೆ ವರಮಾನದ ಮನೆಗಳ ಮಕ್ಕಳಿಗಾಗಿ ಇದನ್ನು ಸೇರಿಸಲಾಗಿದೆ. ಹುಟ್ಟುಕಿವುಡಿನ ಮಗುವಿಗೆ ಐದು ವರ್ಷ ದಾಟಿರಬಾರದು. ತಡಮಾಡಿದರೆ ಕಾಲದ ಜೊತೆಗೆ ಸರಕಾರದ ನೆರವೂ ತಪ್ಪುವುದು ಹೀಗೆ.

ಇಷ್ಟಾದರೂ ಕೆಲವು ಮಕ್ಕಳಿಗೆ ಬಾಯಿಮಾತು ಪೂರ್ಣವಾಗಿ ಬಾರದು. ಅವರಿಗೆ ಸನ್ನೆ ಭಾಷೆಯಿದೆ. ಅದು ಮಂಗಚೇಷ್ಟೆಯಲ್ಲ, ತನ್ನದೇ ವ್ಯಾಕರಣವುಳ್ಳ ಭಾಷೆ. ಅದರ ಅಧ್ಯಯನಕ್ಕೆಂದೇ 2015ರಲ್ಲಿ ದೆಹಲಿಯಲ್ಲಿ ಭಾರತೀಯ ಸನ್ನೆ ಭಾಷೆಯ ಸಂಶೋಧನ ಮತ್ತು ತರಬೇತಿ ಕೇಂದ್ರ ಸ್ಥಾಪನೆಯಾಯಿತು. ಕೈಸನ್ನೆ ಕಲಿಸಿದರೆ ಮಗು ಮಾತು ಕಲಿಯುವುದಿಲ್ಲವೆಂಬ ಭಯ ಅನೇಕರಿಗಿದೆ. ಯಾವ ಭಾಷೆಯೂ ಇಲ್ಲದೆ ಮಗುವನ್ನು ವರ್ಷಗಟ್ಟಲೆ ಕಾಯಿಸುವುದೇ ನನ್ನ ಅಭಿಪ್ರಾಯದಲ್ಲಿ ಹೆಚ್ಚಿನ ಹಾನಿ. ನಮ್ಮ ಜಿಲ್ಲೆಯ ಬೀದಿಗಳಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ನಾಲ್ಕೂ ಕೇಳಿಬರುತ್ತವೆ. ಎರಡು ಮೂರು ಭಾಷೆ ಆಡುವವರಿಗೆ ಇನ್ನೊಂದು ಭಾರವೇ?

ಶಾಲೆಯ ವಿಷಯದಲ್ಲಿ ಕಾನೂನು ತಮ್ಮ ಕಡೆಗಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆಯ ಪ್ರಕಾರ, ಶೇಕಡಾ 40ಕ್ಕೆ ಕಡಿಮೆಯಿಲ್ಲದ ನ್ಯೂನತೆಯ ಪ್ರಮಾಣಪತ್ರವುಳ್ಳ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಊರಿನ ಶಾಲೆಯೂ ಆಗಬಹುದು, ವಿಶೇಷ ಶಾಲೆಯೂ ಆಗಬಹುದು. ನಮಗೆ ಹತ್ತಿರದ ಕಲಬುರಗಿಯಲ್ಲಿ ಸರಕಾರದ ಕಿವುಡು ಮಕ್ಕಳ ಶಾಲೆಯಿದೆ. ಸರಕಾರಿ ನೌಕರಿಯ ಮೀಸಲಾತಿಯಲ್ಲಿ ಕಿವುಡರಿಗೆ ಪ್ರತ್ಯೇಕ ಪಾಲನ್ನು ಅದೇ ಕಾಯಿದೆ ಇಟ್ಟಿದೆ. ಪ್ರಮಾಣಪತ್ರಕ್ಕಾಗಿ ಅಲೆಯುವುದು ಸುಲಭವಲ್ಲ, ಒಂದು ದಿನದ ಕೂಲಿ ಹೋಗುತ್ತದೆ. ನಾಲ್ಕೈದು ಮನೆಯವರು ಕೂಡಿ ಒಂದೇ ದಿನ ಬಂದರೆ ನಮ್ಮ ಆಶಾ ಕಾರ್ಯಕರ್ತೆಯೂ ಜೊತೆಗೆ ಬರುವಂತೆ ನಾನು ಏರ್ಪಾಡು ಮಾಡುತ್ತೇನೆ. ಒಬ್ಬರೇ ಕೇಳಿದಾಗ ದೊರೆಯದ ಉತ್ತರ ಐದು ಜನ ಕೇಳಿದಾಗ ದೊರೆಯುವುದನ್ನು ಕಂಡಿದ್ದೇನೆ.

ಆರಂಭದಲ್ಲಿ ಬದಿಗಿರಿಸಿದ ಮಾತಿಗೆ ಈಗ ಬರುತ್ತೇನೆ. ಮೊದಲ ಮಗು ಕಿವುಡೆಂದು ತಿಳಿದೊಡನೆ, "ಇನ್ನೊಂದು ಬೇಗ ಆಗಲಿ" ಎಂದು ಹಿರಿಯರು ಒತ್ತಾಯಿಸುತ್ತಾರೆ. ಈ ಮಗುವಿಗೆ ತಾಯಿಯ ಮುಖ, ತಾಯಿಯ ಬಾಯಿ, ತಾಯಿಯ ವೇಳೆ ಅತ್ಯಂತ ಅವಶ್ಯವಾಗಿರುವ ವರ್ಷಗಳಲ್ಲಿಯೇ ಆಕೆಯ ಮಡಿಲಿಗೆ ಇನ್ನೊಂದು ಕೂಸು ಬಂದರೆ ತರಬೇತಿ ಅಲ್ಲಿಗೆ ನಿಲ್ಲುತ್ತದೆ. ಕಾಪರ್-ಟಿ, ಗುಳಿಗೆ, ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಚುಚ್ಚುಮದ್ದು ಎಲ್ಲವೂ ನಮ್ಮಲ್ಲಿ ಉಚಿತವಾಗಿ ದೊರೆಯುತ್ತವೆ. ತಮಗೆ ಯಾವುದು ಒಗ್ಗುತ್ತದೆಂಬುದನ್ನು ಗಂಡಹೆಂಡಿರಿಬ್ಬರೂ ಕೂಡಿ ಬಂದು ಕೇಳಿರಿ. ಮೂರು ವರ್ಷ ಆ ಮಗುವಿಗೆ ಕೊಡಿರಿ.

ನಾನು ಆರು ತಿಂಗಳು ನೋಡೋಣ ಎಂದು ಹಿಂದೆ ಕಳಿಸಿದ ಆ ಹುಡುಗಿ ಈಗ ವಿಶೇಷ ಶಾಲೆಯಲ್ಲಿ ಓದುತ್ತಿದ್ದಾಳೆ. ಬರೆಯುತ್ತಾಳೆ, ಲೆಕ್ಕದಲ್ಲಿ ಮುಂದಿದ್ದಾಳೆ, ಸನ್ನೆಯಲ್ಲಿ ನಿರರ್ಗಳವಾಗಿ ಮಾತಾಡುತ್ತಾಳೆ. ತಂದೆ ಸನ್ನೆ ಕಲಿತರು. ಅತ್ತೆಯೂ ಹತ್ತಿಪ್ಪತ್ತು ಸನ್ನೆಗಳನ್ನು ಕಲಿತರೆಂದು ಕೇಳಿ ನನಗೆ ಸಂತೋಷವಾಯಿತು. ಅವಳ ತಮ್ಮ ಹುಟ್ಟಿದಾಗ ಇಪ್ಪತ್ತನೆಯ ದಿನವೇ ತಾಯಿ ಅವನನ್ನು ಕಿವಿ ಪರೀಕ್ಷೆಗೆ ಎತ್ತಿಕೊಂಡು ಬಂದಳು. ಯಾರೂ ಹೇಳಿ ಕಳಿಸಿರಲಿಲ್ಲ. ಅವನ ಕಿವಿ ಚೆನ್ನಾಗಿದೆ.

ಸಭೆ ಮುಗಿದ ಮೇಲೆ ಒಂದು ವರ್ಷದೊಳಗಿನ ಮಕ್ಕಳಿರುವ ತಾಯಂದಿರು ಸ್ವಲ್ಪ ಕುಳಿತಿರಬೇಕು. ಒಂದು ಬಟ್ಟಲು, ಒಂದು ಚಮಚ ತಂದಿದ್ದೇನೆ. ಮನೆಯಲ್ಲಿ ಹೇಗೆ ನೋಡಬೇಕೆಂಬುದನ್ನು ತೋರಿಸುತ್ತೇನೆ. ತಂದೆಯರೂ ಹೋಗಬಾರದು, ಮಗುವನ್ನು ತೊಡೆಯ ಮೇಲೆ ಕುಳ್ಳಿರಿಸಿಕೊಳ್ಳಲು ಒಬ್ಬರು ಬೇಕಾಗುತ್ತದೆ. ನಿದ್ರಿಸುತ್ತಿರುವ ಕೂಸುಗಳನ್ನು ಎಬ್ಬಿಸಬೇಡಿರಿ, ಅವನ್ನು ಗುರುವಾರ ಲಸಿಕೆಗೆ ಬಂದಾಗ ನೋಡೋಣ.